ಮೌನದ ದಿನಗಳಲ್ಲಿ ನಗಾರಿ

ವಿಲಿಮೈನಾಳನ್ನು ದ್ವೀಪದ ಆ ನದಿದಡದ ಊರಿನವರು ಮಳೆಡಬ್ಬಿ ಎಂದು ಕರೆಯುತ್ತಿದ್ದರು. ಆ ಹೆಸರಿಟ್ಟವನು ಅವಳ ಸೋದರಮಾವನ ಮಗ ಪೆಥೇಲಿ. ಅವಳು ಮದುವೆಯಾಗಿ ಬಂದದ್ದು ತಾಯಿಯ ತವರೂರಿಗೇ. ಹಾಗಾಗಿ ಬಂದ ದಿನದಿಂದಲೇ ಅವನಿಗೆ ಅವಳನ್ನು ಕಾಡುವ ಹಕ್ಕಿತ್ತು, ಅವಳಿಗೆ ತಿರುಗಿ ಬೈಯುವ ಹಕ್ಕಿತ್ತು. ಅತ್ತೆಯ ಮಗಳು, ಮಾವನ ಮಗ ಎಂದ ಮೇಲೆ ಎದುರಾದಾಗ ಬೈದಾಡಲೇಬೇಕು. ಮರ್ಯಾದೆಯಿಂದ ಮಾತಾಡಿಕೊಂಡರೆ ಏನೋ ಮನಸ್ತಾಪವಾಗಿದೆ ಎಂದೇ ಊರು ತಿಳಿಯುತ್ತಿತ್ತು.

ಹಿಂದೊಂದು ಚಂಡಮಾರುತ ಬಂದು ಹೋದ ಮೇಲೆ ಹವಾಮಾನ ಕಚೇರಿಯವರು ಅವಳ ಅಂಗಳದಲ್ಲಿ ಮಳೆ ಅಳೆಯುವ ಡಬ್ಬಿ ನೆಟ್ಟು ಹೋಗಿದ್ದರು. ಅವಳನ್ನೇ ಆರಿಸುವುದಕ್ಕೆ ವಿಶೇಷ ಕಾರಣವೇನೂ ಇರಲಿಲ್ಲ. ಮೇಲೆ ಮರವಿಲ್ಲದ ಅಂಗಳ ಊರಿನಲ್ಲಿ ಅದೊಂದೇ. ಇದ್ದ ದೀವಿಹಲಸಿನ ಮರವನ್ನು ಆ ಗಾಳಿಯೇ ಬುಡಮೇಲು ಮಾಡಿತ್ತು. ಅಂದಿನಿಂದ ಬೆಳಗಾಗುತ್ತಲೇ ಡಬ್ಬಿ ನೋಡುವುದು, ನದಿಯಲ್ಲಿ ನೆಟ್ಟ ಬಣ್ಣದ ಕಂಬದ ಬಳಿ ಹೋಗಿ ನೀರು ಎಲ್ಲಿಯವರೆಗೆ ಬಂದಿದೆ ಎಂದು ನೋಡುವುದು, ಎರಡನ್ನೂ ಪಟ್ಟಣದ ಕಚೇರಿಗೆ ಫೋನಿನಲ್ಲಿ ಹೇಳುವುದು ಅವಳ ಕೆಲಸವಾಯಿತು. ಆ ಕಡೆ ಫೋನು ಎತ್ತುವವನು ರಾಜ್‌ನೀಲ್ ಎಂಬ ಹುಡುಗ. ಅವನ ಮುಖವನ್ನು ಅವಳು ಕಂಡಿರಲಿಲ್ಲ. ಅವನು ಅಕ್ಕ ಎನ್ನುತ್ತಿದ್ದ, ಅವಳು ಊಟ ಆಯಿತೇ ಎಂದು ಕೇಳುತ್ತಿದ್ದಳು. ಅಪಾಯವಿದ್ದರೆ ಅವನು ಇವಳಿಗೆ ಹೇಳಬೇಕು, ಇವಳು ಊರಿನ ಹಿರಿಯರಿಗೆ ಹೇಳಬೇಕು, ಹಿರಿಯರು ದೊಡ್ಡ ಮನೆಯ ಮುಂದಿನ ಮರದ ನಗಾರಿ ಬಾರಿಸಬೇಕು. ಹಾಗೆಂದು ಎಲ್ಲರೂ ಕೂತು ಮಾತಾಡಿಕೊಂಡಿದ್ದರು.

ಎಲ್ಲ ಸಲವೂ ಕಚೇರಿಯವರ ಮಾತು ನಿಜವಾಗುತ್ತಿರಲಿಲ್ಲ. ಒಮ್ಮೆ ಪ್ರವಾಹ ಬರುತ್ತದೆಂದು ಊರಿಗೆ ಊರೇ ಚಾಪೆ, ಪಾತ್ರೆ, ಹಂದಿಮರಿಗಳನ್ನು ಹೊತ್ತು ಚರ್ಚಿನ ದಿಬ್ಬ ಹತ್ತಿತು. ನಾಲ್ಕು ಹನಿಯೂ ಬೀಳಲಿಲ್ಲ. ಇಳಿದು ಬರುವಾಗ ಪೆಥೇಲಿ ಎಲ್ಲರಿಗೂ ಕೇಳುವಂತೆ, "ಏ ಮಳೆಡಬ್ಬಿ, ನನ್ನ ಹೆಂಡ್ತಿ ಕೋಪ ಎಷ್ಟಿದೆ ಅಂತ ಅಳೆದು ಹೇಳೆ, ಅದಾದ್ರೂ ಸರಿಯಾಗಿ ಬರುತ್ತೇನೋ" ಎಂದಿದ್ದ. "ನಿನ್ನ ಮೇಲೆ ಸುರಿಯೋ ಕೋಪಕ್ಕೆ ಡಬ್ಬಿ ಎಲ್ಲಿ ಸಾಲುತ್ತೋ, ಹಂಡೆ ಇಡ್ಬೇಕು" ಎಂದಿದ್ದಳು ಇವಳು. ಹೆಚ್ಚು ನಕ್ಕವಳು ಅವನ ಹೆಂಡತಿ ಸಲಸೇನಿಯೇ.

ಆ ವರ್ಷ ಬೇಸಿಗೆಯ ನಡುವೆ ಊರಿನ ಒಡೆಯರು ತೀರಿಕೊಂಡರು. ದೇಹವನ್ನು ದೊಡ್ಡ ಮನೆಯಲ್ಲಿ ಚಾಪೆಗಳ ಮೇಲೆ ಮಲಗಿಸಿದರು. ಮಣ್ಣಾಗುವವರೆಗೆ ಊರಿನಲ್ಲಿ ಸದ್ದು ಕೂಡದು. ನಗಾರಿ ನಿಂತಿತು, ಚರ್ಚಿನ ಗಂಟೆ ನಿಂತಿತು. ಸೌದೆಯನ್ನು ದೂರದ ತೋಟದಲ್ಲಿ ಒಡೆದು ತರುತ್ತಿದ್ದರು. ಅಳುವ ಮಕ್ಕಳನ್ನು ಎತ್ತಿಕೊಂಡು ಹೊಳೆಯಾಚೆ ಹೋಗುತ್ತಿದ್ದರು. ಪೆಥೇಲಿಯ ಬಾಯಿಯೂ ಕಟ್ಟಿಹೋಗಿತ್ತು. ವಿಲಿಮೈನಾ ಎದುರಾದರೆ ತುಟಿಯಲ್ಲೇ ಏನೋ ಬೈದು ಮುಂದೆ ಹೋಗುತ್ತಿದ್ದ.

ಸೆಕೆಯೂ ಅದೇ ದಿನಗಳಲ್ಲಿ ಏರಿತು. ಸಮುದ್ರದ ಕಡೆಯಿಂದ ದಿನವೂ ಬರುತ್ತಿದ್ದ ಗಾಳಿ ಬರಲಿಲ್ಲ. ತೆಂಗಿನ ಗರಿ ಅಲುಗಲಿಲ್ಲ. ನಾಯಿಗಳು ಕುತ್ತಿಗೆಯವರೆಗೆ ನದಿಯಲ್ಲಿ ಮುಳುಗಿ ಕೂತಿರುತ್ತಿದ್ದವು. ಸದ್ದಿಲ್ಲದ ಊರಿನಲ್ಲಿ ತಗಡಿನ ಮಾಡುಗಳು ಬಿಸಿಲಿಗೆ ಟಕ್ ಟಕ್ ಎನ್ನುವುದೊಂದೇ ಕೇಳುತ್ತಿತ್ತು. ಸೆಕೆ ಇನ್ನೂ ಏರುತ್ತದೆ, ಮುದುಕಿಯರಿಗೆ ನೀರು ಕುಡಿಸುತ್ತಿರಿ ಎಂದು ರಾಜ್‌ನೀಲ್ ಹೇಳಿದ್ದ. ಸಂಜೆ ಹೊತ್ತಿಗೆ ಬೆಟ್ಟದ ಕಡೆ ಮೋಡ ಕಟ್ಟುವುದು, ಮಿಂಚುವುದು, ಸುರಿಯದೆ ಕರಗುವುದು ನಡೆದೇ ಇತ್ತು.

ಮಣ್ಣಿನ ಹಿಂದಿನ ದಿನ ಸಮಾಧಿಗೆ ಹಾಸುವ ಕಲ್ಲು ತರಬೇಕಿತ್ತು. ನುಣುಪಾದ ಕರಿಗಲ್ಲು ಸಿಗುವುದು ಗುಡ್ಡದಾಚೆ, ನದಿ ತಿರುಗುವಲ್ಲಿ, ನೀರಿನ ನಡುವಿನ ಕಲ್ಲುದಿಬ್ಬದ ಮೇಲೆ. ಪೆಥೇಲಿ ಕೆಲವರನ್ನು ಕರೆದುಕೊಂಡು ಹೊರಟ. ವಿಲಿಮೈನಾಳ ಮಗಳು ಲೋಸಾನಾಳೂ ಅವರಲ್ಲಿದ್ದಳು. ಒಡೆಯರ ಕೆಲಸಕ್ಕೆ ಹೋಗುವವರು ಬೇರೇನನ್ನೂ ಒಯ್ಯಬಾರದೆಂದು ಎಲ್ಲರ ಫೋನುಗಳನ್ನು ಬುಟ್ಟಿಯಲ್ಲಿ ಹಾಕಿ ದೊಡ್ಡ ಮನೆಯಲ್ಲೇ ಇಟ್ಟರು. ಮಧ್ಯಾಹ್ನಕ್ಕೆ ಮೊದಲೇ ಬಂದುಬಿಡಿ ಎಂದು ವಿಲಿಮೈನಾ ಪಿಸುಗುಟ್ಟಿದಳು.

"ಸತ್ತವರ ಮನೇಲೂ ನಿನ್ನ ಮಳೆಪುರಾಣ ಬಿಡಲ್ವಲ್ಲೇ" ಎಂದು ಪೆಥೇಲಿ ಅವಳ ಕಿವಿಯ ಹತ್ತಿರ ಹೇಳಿ, ಹೆಗಲು ಕುಣಿಸಿ ಸದ್ದಿಲ್ಲದೆ ನಕ್ಕ.

ಅವರು ಮಧ್ಯಾಹ್ನಕ್ಕೆ ಬರಲಿಲ್ಲ. ಒಂದೇ ಅಳತೆಯ ಕಲ್ಲು ಹುಡುಕುತ್ತಿರಬೇಕು ಎಂದುಕೊಂಡಳು. ಊರಿನ ಮೇಲೆ ಆಕಾಶ ನೀಲಿಯಾಗಿಯೇ ಇತ್ತು. ಬೆಟ್ಟದ ಮೇಲೆ ಮಾತ್ರ ಮೋಡವೊಂದು ಎದ್ದು ನಿಂತಿತ್ತು. ಅದರ ತಲೆ ಬಿಳಿ, ಹೊಟ್ಟೆ ಮಸಿ. ನೋಡಿದಷ್ಟು ಹೊತ್ತೂ ಅದು ಆ ಕಡೆ ಈ ಕಡೆ ಸರಿಯಲಿಲ್ಲ. ಅಷ್ಟರಲ್ಲಿ ಸೊಂಟದಲ್ಲಿ ಸಿಕ್ಕಿಸಿದ ಫೋನು ನಡುಗಿತು.

"ಅಕ್ಕ, ಗಾಳಿ ಇಲ್ಲ, ಆ ಮೋಡಕ್ಕೆ ಹೋಗೋಕೆ ದಾರಿ ಇಲ್ಲ. ಇದ್ದಲ್ಲೇ ಸುರೀತಾ ಇದೆ. ರಾಡಾರ್‌ನಲ್ಲಿ ಇಷ್ಟು ಕೆಂಪು ನಾನು ನೋಡಿಲ್ಲ. ಮೇಲಿನ ಊರಿನವರು ಫೋನ್ ಎತ್ತಾ ಇಲ್ಲ. ನದೀಲಿ ಯಾರಾದ್ರೂ ಇದ್ರೆ ಈಗ್ಲೇ ಮೇಲೆ ಕರೀರಿ."

ಅವಳು ದೊಡ್ಡ ಮನೆಯೊಳಗೆ ಮಂಡಿಯೂರಿ ಸರಿದು ಇಲೈತಿಯಾನ ಬಳಿ ಹೋದಳು. ಒಡೆಯರ ಪರವಾಗಿ ಮಾತಾಡುವ ಹಿರಿಯ ಅವನು. ಅವಳಿಗೆ ವರಸೆಯಲ್ಲಿ ದೊಡ್ಡಪ್ಪ. ವಿಷಯ ಹೇಳಿದಳು. ಗುಡ್ಡ ಬಳಸಿ ಹೋಗಿ ಕರೆತರುವಷ್ಟು ಹೊತ್ತಿಲ್ಲ, ಅಲ್ಲಿಗೆ ಕೇಳಿಸುವುದು ನಗಾರಿಯೊಂದೇ ಎಂದಳು. ಮಗಳೂ ಅಲ್ಲಿದ್ದಾಳೆ ಎಂದಳು.

ಇಲೈತಿಯಾ ಒಡೆಯರ ದೇಹದ ಕಡೆ ನೋಡುತ್ತ ಕೂತ. ಅವನ ಆಯುಸ್ಸಿನಲ್ಲಿ ಯಾರೂ ಈ ಮೌನ ಮುರಿದಿರಲಿಲ್ಲ. ದೇಹದ ಸುತ್ತ ಕೂತ ಹೆಂಗಸರ ಕೈಯ ಬೀಸಣಿಗೆಗಳು ನಿಂತವು.

"ಬಾರಿಸು" ಎಂದ ಕೊನೆಗೆ. "ತಪ್ಪು ನನ್ನ ತಲೆ ಮೇಲಿರ್ಲಿ."

ಅವಳು ಹೊರಗೆ ಓಡಿ ಕೋಲು ಎತ್ತಿಕೊಂಡಳು. ಅಪಾಯದ ಬಡಿತವನ್ನೇ, ಬಿಡದೆ, ಬೇಗಬೇಗ ಬಡಿದಳು. ಮನೆಗಳಿಂದ ಜನ ಹೊರಬಂದು ಬಾಯಿಗೆ ಕೈಯಿಟ್ಟು ನಿಂತರು. ಏನೆಂದು ತಿಳಿದವರು ಮಕ್ಕಳನ್ನು ಎತ್ತಿಕೊಂಡು ದಿಬ್ಬದ ಕಡೆ ನಡೆದರು. ತೋಳು ಸೋತಾಗ ಗುಡ್ಡದ ದಾರಿಯ ಕಡೆ ನೋಡಿದಳು. ಯಾರೂ ಬರುತ್ತಿರಲಿಲ್ಲ. ಮತ್ತೆ ಬಡಿದಳು.

ಇಲೈತಿಯಾ ಬಂದು ಅವಳ ಕೈ ಹಿಡಿದ.

"ಮಗಳೇ, ನಿಲ್ಸು. ಗುಡ್ಡದಾಚೆ ಬಡಿತ ಯಾವುದು ಅಂತ ಗೊತ್ತಾಗಲ್ಲ, ಬರೀ ಧಿಮಿಧಿಮಿ ಕೇಳುತ್ತೆ. ಮೌನದ ಮೇಲೆ ಮೊದ್ಲು ಬರೋ ನಗಾರಿ ಒಡೆಯರು ಮನೆಯಿಂದ ಹೊರಟಾಗಿನದು. ಸೆಕೆಗೆ ಒಂದು ದಿನ ಮೊದ್ಲೇ ಹೊರಡಿಸಿದ್ರು ಅಂದ್ಕೊಂಡು ಅವ್ರು ಇದ್ದಲ್ಲೇ ಕೂತಿರ್ತಾರೆ."

ಹೌದು. ಒಡೆಯರ ದೇಹ ಹೊರಡುವಾಗ ಊರಿನವರು ಎಲ್ಲಿದ್ದರೂ ನೆಲಕ್ಕೆ ಕೂತು, ಊರಿನ ಕಡೆ ಮುಖ ಮಾಡಿ ತಲೆ ತಗ್ಗಿಸಬೇಕು. ನಗಾರಿ ನಿಲ್ಲುವವರೆಗೆ ಏಳುವಂತಿಲ್ಲ. ಹಾಲು ಕುಡಿಯುವಾಗಿನಿಂದ ಕಲಿತ ಮಾತು ಅದು. ಮೌನ ಮುರಿಯುವುದೇ ಅವರಿಬ್ಬರಿಗೂ ಅಷ್ಟು ದೊಡ್ಡದಾಗಿ ಕಂಡಿತ್ತೆಂದರೆ, ಮುರಿದ ಮೇಲೆ ಆ ಸದ್ದು ಏನು ಹೇಳುತ್ತದೆ ಎಂದು ಯಾರೂ ಯೋಚಿಸಿರಲಿಲ್ಲ.

ಅವಳು ಕೋಲು ಬಿಸಾಡಿ ಗುಡ್ಡದ ಕಡೆ ಓಡಿದಳು. ದಾರಿ ಬಿಟ್ಟು ಹುಲ್ಲಿನಲ್ಲಿ ಕೈಯೂರಿ ಹತ್ತಿದಳು. ನೆತ್ತಿಗೆ ಬಂದಾಗ ಕಲ್ಲುದಿಬ್ಬ ಕಾಣಿಸಿತು. ಬಿಸಿಲು ಹೊಳೆಯುತ್ತಿತ್ತು. ಆಯ್ದ ಕಲ್ಲುಗಳ ಗುಡ್ಡೆಯ ಪಕ್ಕದಲ್ಲಿ ಅವರೆಲ್ಲ ಸಾಲಾಗಿ ಕೂತಿದ್ದರು. ತಲೆ ತಗ್ಗಿತ್ತು. ಬೆನ್ನು ಬೆಟ್ಟದ ಕಡೆಗಿತ್ತು. ನಡುವೆ ನಿಂತು ಮತ್ತೆ ಬಡಿದಿದ್ದ ನಗಾರಿ ಈ ಸಲ ನಿಜಕ್ಕೂ ನಿಂತಿತೆಂದು ಅರಿತು ಒಬ್ಬಿಬ್ಬರು ಆಗಷ್ಟೇ ಕತ್ತು ಎತ್ತುತ್ತಿದ್ದರು. ಅವರ ಹಿಂದಿನ ತಿರುವಿನಲ್ಲಿ ನದಿಯ ಬಣ್ಣ ಬದಲಾಗಿತ್ತು. ಮಣ್ಣಿನ ನೀರು, ನೊರೆ, ಅದರ ಮುಂದೆ ಉರುಳಿಕೊಂಡು ಬರುವ ಮರಗಳು.

ಅವಳು ಕಿರುಚಿದಳು. ಮೊದಲು ಎದ್ದವನು ಪೆಥೇಲಿ. ಇವಳ ಕಡೆ ನೋಡಿದ, ಹಿಂದೆ ತಿರುಗಿ ನೋಡಿದ. ಆಮೇಲೆ ಒಬ್ಬೊಬ್ಬರನ್ನೇ ರಟ್ಟೆ ಹಿಡಿದೆಬ್ಬಿಸಿ ದಡದ ಕಡೆ ತಳ್ಳತೊಡಗಿದ. ಬಹಳ ಹೊತ್ತು ಕೂತು ಕಾಲು ಜೋಮು ಹಿಡಿದವರು ಎಡವುತ್ತ ಓಡಿದರು. ಲೋಸಾನಾ ದಡ ಮುಟ್ಟುವ ಮೊದಲೇ ನೀರು ಬಂತು. ಅವಳು ಬಿದಿರಿನ ಮೆಳೆಗೆ ಸಿಕ್ಕಿಕೊಂಡಳು. ದಡದಲ್ಲಿದ್ದವರು ಕೈಗೆ ಕೈ ಕೊಟ್ಟು ಅವಳನ್ನು ಎಳೆದುಕೊಂಡರು. ಕಲ್ಲುದಿಬ್ಬ ಆಗಲೇ ಮುಳುಗಿತ್ತು. ಪೆಥೇಲಿ ಕಾಣಲಿಲ್ಲ.

ಊರಿನೊಳಗೆ ನೀರು ಬಂದು ಹೋಯಿತು. ಒಡೆಯರನ್ನು ದಿಬ್ಬದ ಮೇಲೆ ಕರಿಗಲ್ಲಿಲ್ಲದೆ ಮಣ್ಣು ಮಾಡಿದರು. ಇಲೈತಿಯಾ ತಪ್ಪೊಪ್ಪಿಕೊಳ್ಳುವವರು ಕೊಡುವ ತಿಮಿಂಗಿಲದ ಹಲ್ಲು ಹಿಡಿದು ಒಡೆಯರ ಮಗನ ಮುಂದೆ ಕೂತು, ಮೌನ ಮುರಿದದ್ದಕ್ಕೆ ಕ್ಷಮೆ ಕೇಳಿದ. ಮಗ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಆ ವಿಷಯ ಅಲ್ಲಿಗೆ ಮುಗಿಯಿತು ಎಂದರು. ಪೆಥೇಲಿಯನ್ನು ಹುಡುಕಲು ದೋಣಿಗಳು ಸಮುದ್ರದವರೆಗೆ ಹೋಗಿ ಬರಿದೇ ಮರಳಿದವು.

ವಿಲಿಮೈನಾ ಸಾವಿನ ಮನೆಗೆ ಒಯ್ಯುವ ಚಾಪೆ ಹೊತ್ತುಕೊಂಡು ಸಲಸೇನಿಯ ಮನೆಗೆ ಹೋದಳು. ಸೆಕೆ ಇಳಿದಿರಲಿಲ್ಲ. ಒದ್ದೆ ನೆಲದಿಂದ ಹಬೆ ಏಳುತ್ತಿತ್ತು. ಸಲಸೇನಿ ಅವಳಿಗೆ ಕೂರಲು ಜಾಗ ಬಿಟ್ಟಳು. ಆಮೇಲೆ ದನಿ ಏರಿಸದೆ ಕೇಳಿದಳು.

"ನೀನು ಬಾರಿಸ್ದೇ ಇದ್ದಿದ್ರೆ, ಕಲ್ಲು ಆರಿಸ್ತಾ ಓಡಾಡ್ಕೊಂಡು ಇರ್ತಿದ್ರಲ್ವಾ? ನೀರು ಬರೋದು ಯಾರಾದ್ರೂ ನೋಡ್ತಿದ್ರಲ್ವಾ?"

ವಿಲಿಮೈನಾ ತಂದಿದ್ದ ಚಾಪೆಯನ್ನು ಅವಳ ಮುಂದೆ ಹಾಸಿದಳು. ಆ ದಿನ ಗುಡ್ಡ ಇಳಿದಾಗಿನಿಂದ ಅವಳು ತನ್ನನ್ನೇ ಕೇಳಿಕೊಂಡದ್ದು ಅದನ್ನೇ.

ಫೋನು ನಡುಗಿತು. ಇಬ್ಬರೂ ಅದನ್ನು ನೋಡಿದರು. ಎತ್ತಲು ವಿಲಿಮೈನಾಳಿಗೆ ಕೈ ಬರಲಿಲ್ಲ.

"ಎತ್ತು" ಎಂದಳು ಸಲಸೇನಿ.

ರಾಜ್‌ನೀಲ್ ಹೆಚ್ಚು ಮಾತಾಡಲಿಲ್ಲ. ಇವತ್ತೂ ಗಾಳಿ ಇಲ್ಲ, ನಿನ್ನೆಗಿಂತ ಸೆಕೆ ಹೆಚ್ಚು, ಬೆಟ್ಟದ ಮೇಲೆ ಆಗಲೇ ಮೋಡ ಏಳುತ್ತಿದೆ ಎಂದ. ನೀರು ಬಂದರೂ ಬರಬಹುದು, ಬಾರದಿರಲೂಬಹುದು ಎಂದ. ವಿಲಿಮೈನಾ ಅವನ ಮಾತನ್ನು ಇದ್ದ ಹಾಗೇ ಸಲಸೇನಿಗೆ ಹೇಳಿದಳು.

ಸಲಸೇನಿ ಬಾಗಿಲಿನಾಚೆ ನೋಡಿದಳು. ಆಮೇಲೆ ಎದ್ದು, ಗಂಡನ ಹೆಸರಿನಲ್ಲಿ ಹಾಸಿದ್ದ ಚಾಪೆಗಳನ್ನು ದಿಬ್ಬಕ್ಕೆ ಒಯ್ಯಲೆಂದು ಒಂದೊಂದಾಗಿ ಸುತ್ತತೊಡಗಿದಳು.