ಆಯುಧಪೂಜೆಯ ದಿನದ ಫೈನಲ್

ಕೊಚ್ಚಿಯಲ್ಲಿ ಸೇಬರ್ ಎಂಬ ಕತ್ತಿ ಹಿಡಿದು ಅನ್ನ ಸಂಪಾದಿಸಿದ ಕನ್ನಡತಿಯರು ಬಹಳ ಮಂದಿ ಇಲ್ಲ; ನನಗೆ ತಿಳಿದಂತೆ ನಾನೊಬ್ಬಳೇ. ಬ್ಯಾಂಕಿನ ವರ್ಗಾವಣೆಯಲ್ಲಿ ಮೈಸೂರಿನಿಂದ ಕೊಚ್ಚಿಯ ಕಲೂರಿಗೆ ಬಂದ ಅಪ್ಪ, ಮಗಳಿಗೆ ವೀಣೆ ಕಲಿಸಲು ಹೊರಟು, ಮೇಷ್ಟ್ರು ಸಿಗದೆ, ಮನೆ ಹತ್ತಿರದ ಫೆನ್ಸಿಂಗ್ ಎಂಬ ಕತ್ತಿವರಸೆಯ ತರಗತಿಗೆ ಸೇರಿಸಿದರು. ಎರಡರಲ್ಲೂ ಬೆನ್ನು ನೆಟ್ಟಗಿರಬೇಕಷ್ಟೇ ಎಂಬುದು ಅವರ ಸಮಾಧಾನ.

ಆ ವರ್ಷ ತಿರುವನಂತಪುರದಲ್ಲಿ ರಾಜ್ಯ ಚಾಂಪಿಯನ್‌ಶಿಪ್. ಗೆದ್ದವಳೊಬ್ಬಳಿಗೇ ರಾಷ್ಟ್ರೀಯ ಶಿಬಿರ. ನಾನು ಫೈನಲ್ ತಲುಪಿದೆ. ದುರದೃಷ್ಟವಶಾತ್ ಅಂದು ಆಯುಧಪೂಜೆ. ಲೋಕವೆಲ್ಲ ಸ್ಕೂಟರಿಗೆ, ಈಳಿಗೆಮಣೆಗೆ ಕುಂಕುಮವಿಡುವಾಗ, ಶಾಸ್ತ್ರೋಕ್ತ ಆಯುಧವಿದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ನಾನು ಮೈ ಬಿಸಿ ಮಾಡಿಕೊಂಡು ಬರುವಷ್ಟರಲ್ಲಿ, ಜೊತೆಗೆ ಬಂದಿದ್ದ ಅಪ್ಪ ನನ್ನ ಎರಡೂ ಕತ್ತಿಗಳಿಗೆ ಬುಡದಿಂದ ತುದಿಯವರೆಗೆ ಗಂಧ ಬಳಿದು ಒಣಗಲು ಬಿಟ್ಟಿದ್ದರು.

ಸೇಬರಿನಲ್ಲಿ ಅಲಗು ಎದುರಾಳಿಯ ಲೋಹದ ಜಾಕೆಟ್ಟಿಗೆ ತಾಗಿದರೆ ವಿದ್ಯುತ್ ಹರಿದು ದೀಪ ಹತ್ತುತ್ತದೆ. ಒಣಗಿದ ಗಂಧದೊಳಗೆ ವಿದ್ಯುತ್ ಹರಿಯುವುದಿಲ್ಲ.

"ಏನಪ್ಪಾ ಇದು!"

"ಒರೆಸ್ಬೇಡ ಕಣೇ. ಎರಡಕ್ಕೂ ಸಮನಾಗೇ ಹಚ್ಚಿದೀನಿ, ಪಕ್ಷಪಾತ ಇಲ್ಲ."

ಅಷ್ಟರಲ್ಲಿ ಹೆಸರು ಕೂಗಿದರು. ಕತ್ತಿಗಳನ್ನು ಪ್ಯಾಂಟಿಗೆ ಉಜ್ಜುತ್ತಲೇ ಓಡಿದೆ. ಆಟಕ್ಕೆ ಮೊದಲು ಒಬ್ಬರನ್ನೊಬ್ಬರು ಮುಟ್ಟಿ ಕತ್ತಿ ಪರೀಕ್ಷಿಸುವುದು ಪದ್ಧತಿ. ಮುಟ್ಟಿದೆ, ದೀಪ ಹತ್ತಲಿಲ್ಲ. ರೆಫರಿ ಹಳದಿ ಕಾರ್ಡು ತೋರಿಸಿದರು. ಎರಡನೆಯ ಕತ್ತಿಯೂ ಅಷ್ಟೇ ದೈವಭಕ್ತ. ಕೆಂಪು ಕಾರ್ಡು, ಆಟ ಶುರುವಾಗುವ ಮೊದಲೇ ಎದುರಾಳಿಗೆ ಒಂದು ಪಾಯಿಂಟು.

ಕೋಚ್ ಕತ್ತಿ ಮೂಸಿ ನೋಡಿದರು. "ಎಂದಾ ಮೋಳೇ ಇದು, ಚಂದನಮೋ?" ಇದೇನು ಮಗಳೇ, ಗಂಧವೇ ಎಂದು ಅವರ ಮಲಯಾಳ.

"ಅಪ್ಪ, ಸರ್" ಎಂದೆ.

ಅವರಿಗೂ ಒಬ್ಬ ಅಪ್ಪ ಇದ್ದಿರಬೇಕು. ಮತ್ತೇನೂ ಕೇಳದೆ ಸ್ಯಾಂಡ್‌ಪೇಪರ್ ತೆಗೆದು ಅಲಗು ಉಜ್ಜಿಕೊಟ್ಟರು.

ಹದಿನೈದು ಪಾಯಿಂಟಿನ ಆಟ ಹದಿನಾಲ್ಕು–ಹದಿನಾಲ್ಕಕ್ಕೆ ಬಂದು ನಿಂತಿತು. ಇಬ್ಬರೂ ಮುನ್ನುಗ್ಗಿದೆವು, ಎರಡೂ ದೀಪ ಹತ್ತಿದವು. ಹಾಗಾದಾಗ ಮೊದಲು ದಾಳಿಗಿಳಿದವರು ಯಾರೆಂದು ರೆಫರಿಯೇ ಹೇಳಬೇಕು. ಅವರ ಕೈ ಎದುರಾಳಿ ಹುಡುಗಿಯತ್ತ ಏರಿತು; ಒಂದು ಪಾಯಿಂಟಿನಿಂದ ನಾನು ಸೋತೆ.

ಕೊಚ್ಚಿಗೆ ಮರಳುವ ರೈಲು ಕೊಲ್ಲಂ ದಾಟುವವರೆಗೂ ನಾನು ಅಪ್ಪನನ್ನು ಬೈಯಲು ಮಾತು ಜೋಡಿಸುತ್ತಿದ್ದೆ. ಅಷ್ಟರಲ್ಲಿ ಅವರೇ ಶುರು ಮಾಡಿದರು.

"ಆ ಮೊದಲ್ನೇ ಪಾಯಿಂಟು ನಾನು ಕೊಡ್ಸಿದ್ದು, ಅಲ್ವೇನೆ?"

"ಹೌದಪ್ಪ."

"ಅದನ್ನ ಕಳೆದ್ರೆ ನೀವಿಬ್ರೂ ಸಮ." ಬೆರಳು ಮಡಿಸಿ ಲೆಕ್ಕ ಹಾಕಿದರು. "ಅಂದ್ರೆ ಸೋತಿದ್ದು ನಾನು. ನೀನಲ್ಲ." ಹಾಗೆಂದು ಮುಖವನ್ನು ಕಿಟಕಿಯತ್ತ ತಿರುಗಿಸಿಕೊಂಡರು. ಬೈಯಲು ಜೋಡಿಸಿಟ್ಟಿದ್ದ ಮಾತುಗಳು ನನ್ನಲ್ಲೇ ಉಳಿದವು.

ಆಯ್ಕೆ ಸಮಿತಿ ಅಪ್ಪನ ಈ ತೀರ್ಪನ್ನು ಪರಿಗಣಿಸಲಿಲ್ಲ. ನಾನು ಶಿಬಿರಕ್ಕೆ ಹೋದದ್ದು ಮರುವರ್ಷ, ಚಾಂಪಿಯನ್ ಆಗಿ. ಆ ಸಲ ಪಂದ್ಯ ಬಿದ್ದದ್ದು ಆಷಾಢದಲ್ಲಿ. ಅಪ್ಪನ ಪ್ರಕಾರ ಅದು ಯಾವ ಶುಭಕಾರ್ಯಕ್ಕೂ ಒಗ್ಗದ ತಿಂಗಳು.