ಶಿರಾಳಕೊಪ್ಪದಲ್ಲಿ ಕೊಂಡ ತಂಬಿಗೆ

ಬಸ್ಸಿನಲ್ಲಿ ನನ್ನ ಕೆಲಸದ ಬಗ್ಗೆ ಬಾಯಿ ಬಿಡಬಾರದಿತ್ತು. ಶಿಕಾರಿಪುರದಲ್ಲಿ ಹತ್ತಿ ಪಕ್ಕದಲ್ಲಿ ಕೂತ ಹೆಂಗಸು, ಹೊಸಬಾಳೆಯಲ್ಲಿರುವ ತಮ್ಮ ಅಕ್ಕನಿಗೆ ಕ್ಯಾನ್ಸರ್, ಮೊದಲು ಔಷಧಿಗೆ ಕರಗಿದ ಗಡ್ಡೆ ಈಗ ಜಗ್ಗುತ್ತಿಲ್ಲ ಎಂದರು. ನಾನು ಉಬ್ಬಿ, “ಅಂಥ ಗಡ್ಡೆಗೇ ನಮ್ಮ ಲ್ಯಾಬಲ್ಲಿ ತಾಮ್ರ ಸೇರಿಸಿ ಹೊಸ ಔಷಧಿ ಮಾಡ್ತಿದೀವಿ” ಎಂದುಬಿಟ್ಟೆ.

ಶಿರಾಳಕೊಪ್ಪದಲ್ಲಿ ಬಸ್ಸು ನಿಂತಾಗ ಆ ಹೆಂಗಸು ಇಳಿದುಹೋಗಿ, ಹೊರಡುವ ಹೊತ್ತಿಗೆ ಓಡಿಬಂದರು. ಕೈಯಲ್ಲಿ ಪೇಪರ್ ಸುತ್ತಿದ ತಾಮ್ರದ ತಂಬಿಗೆ.

“ಇದ್ರಾಗೆ ನೀರು ಕುಡಿಸ್ತೀನ್ರೀ. ಸೋಮವಾರ ಆಸ್ಪತ್ರೆಗೆ ಬರಾಕೆ ಹೇಳಿದಾರೆ. ಇನ್ನ ಯಾಕ್ರೀ ಹೋಗೋದು?”

ತಂಬಿಗೆಯ ತಾಮ್ರ ಬೇರೆ, ಔಷಧಿಯ ತಾಮ್ರ ಬೇರೆ ಎಂದೆ. ಆಸ್ಪತ್ರೆ ತಪ್ಪಿಸಬೇಡಿ, ಬೇರೆ ಔಷಧಿ ಇದೆಯಾ ಅಂತ ಡಾಕ್ಟರನ್ನು ಕೇಳಿ ಎಂದೆ. ಹೇಳಿದ್ದನ್ನೇ ಮತ್ತೆ ಮತ್ತೆ ಹೇಳಿದೆ. ಮುಂದಿನ ಸೀಟಿನವರು ತಿರುಗಿ ನೋಡುವಷ್ಟು ನನ್ನ ದನಿ ಏರಿತ್ತು. ಅವರು ತಂಬಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಎಲ್ಲ ಕೇಳಿಸಿಕೊಂಡರು.

“ನಿಮ್ಮ ಔಷಧಿ ಯಾವಾಗ ಬರ್ತೈತ್ರೀ?”

“ಇನ್ನೂ ಇಲಿಗಳಿಗೆ ಕೊಟ್ಟು ನೋಡ್ತಿದೀವಿ. ವರ್ಷಗಟ್ಟಲೆ ಆಗುತ್ತೆ. ಬರದೇನೂ ಇರಬಹುದು.”

ಸೊರಬ ಬಂತು. ಅವರು ಎದ್ದು ತಂಬಿಗೆಯನ್ನು ಚೀಲಕ್ಕೆ ಹಾಕಿಕೊಂಡರು.

“ಸೋಮವಾರ ಕರ್ಕೊಂಡು ಹೋಗ್ತೀನಿ ಬಿಡ್ರಿ. ನಿಮ್ದು ಬರೋತನ್ಕ ಇದೂ ಇರ್ಲಿ.”

ಈಗ ಬಸ್ಸಿನಲ್ಲಿ ಯಾರಾದರೂ ಏನು ಕೆಲಸ ಎಂದರೆ ಮೇಷ್ಟ್ರು ಎನ್ನುತ್ತೇನೆ. ಯಾವ ಪಾಠ ಎಂದು ಕೇಳುವ ಮೊದಲೇ ನಿದ್ದೆ ಬಂದವನಂತೆ ಕಣ್ಣು ಮುಚ್ಚುತ್ತೇನೆ. ನಿದ್ದೆ ಮಾತ್ರ ಬರುವುದಿಲ್ಲ.