ಅವ್ವನಿಗೆ ಕಟ್ಟಿಕೊಟ್ಟ ಗುಡಿಸಲು

ನಾನು ಏಳನೇ ಕ್ಲಾಸಿಗೆ ಓದು ನಿಲ್ಲಿಸಿದ್ದು 1991ರಲ್ಲಿ. ಆಮೇಲೆ ಗಾರೆ ಕಲಿತು ಮೇಸ್ತ್ರಿಯಾದೆ. ಮಂಡ್ಯ, ಮದ್ದೂರು, ಮಳವಳ್ಳಿಯಲ್ಲಿ ನಾನು ಕಟ್ಟಿದ ಮನೆಗಳಲ್ಲಿ ಡಬಲ್ ಡಿಗ್ರಿಯವರು ವಾಸವಾಗಿದ್ದಾರೆ. ಕೊಂಚ ಜಂಬ ಬಂದರೆ ತಪ್ಪೇ, ನೀವೇ ಹೇಳಿ. ಮೊನ್ನೆ ಪೂರಿಗಾಲಿ ಕಡೆ ಕೆಲಸಕ್ಕೆ ಹೋಗುವಾಗ ಒಣಗಿದ ಕಬ್ಬಿನ ಸೋಗೆಯ ವಾಸನೆ ಮೂಗಿಗೆ ಬಡಿಯಿತು. ನನ್ನ ಜಂಬ ಇಳಿಸಿದ ಅವ್ವ ನೆನಪಾದಳು.

ನಾವು ಕಾಡಂಚಿನ ಇರುಳಿಗ ಬುಡಕಟ್ಟಿನವರು. ಗುಡಿಸಲಲ್ಲಿ ಹುಟ್ಟಿದ ನಾನು ಆರ್‌ಸಿಸಿ ಮನೆ ಕಟ್ಟಿ, ಅವ್ವನಿಗೆಂದೇ ಟೈಲ್ಸ್ ಹಾಕಿದ ಕೋಣೆ ಮಾಡಿದ್ದೆ. ಅಷ್ಟರಲ್ಲಿ ಅವಳಿಗೆ ಕ್ಯಾನ್ಸರ್ ಬಂತು. ಮಂಡ್ಯದ ಡಾಕ್ಟರು, "ಇನ್ನು ನೋವಾಗದ ಹಾಗೆ ನೋಡಿಕೊಳ್ಳಿ, ಅಷ್ಟೆ" ಎಂದು ಮನೆಗೆ ಕಳಿಸಿದರು. ಸದ್ಯ ಕೋಣೆ ಇದೆಯಲ್ಲ ಎಂದುಕೊಂಡರೆ ಅವ್ವ ಹೊಸಿಲು ದಾಟಲೇ ಇಲ್ಲ. ಜಗಲಿಯಲ್ಲೇ ಮಲಗಿದಳು. ಟೈಲ್ಸ್ ತಣ್ಣಗಿದೆಯೇನೋ ಎಂದು ಜಮಖಾನ ಹಾಸಿದೆ. ಫ್ಯಾನು ಹಾಕಿಸಿದೆ. ಊಹೂಂ.

ನೋವಿನ ಮಾತ್ರೆ ಕೊಡಲು ಮಳವಳ್ಳಿಯಿಂದ ಸ್ಕೂಟರಿನಲ್ಲಿ ಬರುತ್ತಿದ್ದ ನರ್ಸಮ್ಮನ ಬಳಿ ದೂರಿದೆ: "ಊರೋರೆಲ್ಲ ನನ್ ಕೆಲ್ಸ ಒಗಳ್ತಾರೆ, ಎತ್ತವ್ವಂಗೇ ನನ್ ಮನೆ ಬ್ಯಾಡ ಕಣಮ್ಮ."

ನರ್ಸಮ್ಮ ನನ್ನನ್ನು ಬಿಟ್ಟು ಅವ್ವನ ಪಕ್ಕ ನೆಲದ ಮೇಲೆ ಕೂತರು. "ಯಾಕವ್ವಾ, ಒಳ್ಗೇನು ತೊಂದ್ರೆ?"

"ನಮ್ಮೋರು ಸಾವಾದ ಗುಡ್ಲಲ್ಲಿ ಇರಾಕಿಲ್ಲ ಕಣವ್ವ. ಕಿತ್ತು ಬ್ಯಾರೆ ಕಡೆ ಆಕ್ಕತಾರೆ. ನಾನು ಒಳ್ಗೆ ಕಣ್ ಮುಚ್ಚುದ್ರೆ, ಇವ ಈ ಸಿಮೆಂಟು ಕಿತ್ಕೊಂಡು ಎಲ್ಲಿಗೋದಾನು?"

ನಾನು ನಕ್ಕೆ. "ಅವೆಲ್ಲ ಅಳೇ ಕಾಲದ್ದು ಬುಡವ್ವ."

"ನಾನೇನ್ಲಾ ಒಸ ಕಾಲ್ದೋಳಾ?"

ನರ್ಸಮ್ಮ ನನ್ನತ್ತ ತಿರುಗಿ, "ಮೇಸ್ತ್ರಿಗಳೇ, ಗುಡ್ಲು ಆಕಾಕೆ ಬತ್ತದಾ, ಬರೀ ಸಿಮೆಂಟಾ?" ಎಂದರು.

ಬತ್ತದೆ ಎಂದುಬಿಟ್ಟೆ. ಮನೆ ಪಕ್ಕದಲ್ಲೇ ಗಳ ನೆಟ್ಟು, ಸೂರಿಗೆ ಕಬ್ಬಿನ ಸೋಗೆಯನ್ನು ಮೇಲಿನಿಂದ ಕೆಳಕ್ಕೆ ಹೊದಿಸತೊಡಗಿದೆ. ಜಗಲಿಯಿಂದ ಅವ್ವನ ದನಿ ಬಂತು: "ಲೇ ಬೆಪ್ಪೇ, ಕೆಳ್ಗಿಂದ ಮ್ಯಾಕೆ ಒದುಸ್ಲಾ! ಮಳೆ ನೀರೆಲ್ಲ ನನ್ ಮೂತಿಗೇ ಬೀಳ್ಬೇಕಾ?"

ಗುಡಿಸಲು ಮುಗಿಯಿತು: ಒಳಗೆ ಮಣ್ಣಿನ ನೆಲ, ಬಾಗಿಲಾಚೆ ಚಳಿ ಕಾಯಿಸಲು ಬೆಂಕಿ. ನರ್ಸಮ್ಮ ತಾವೇ ಬಗ್ಗಿ ಒಳಹೊಕ್ಕು, ಮಂಚದ ಮಾತೆತ್ತದೆ, ಬೆನ್ನು ಹುಣ್ಣಾಗದಂತೆ ಚಾಪೆಯಡಿ ಗಾಳಿ ತುಂಬಿದ ಹಾಸಿಗೆ ಹಾಸಿದರು. ಅವ್ವ ಅದರ ಮೇಲೆ ಮಲಗಿ ಸೂರು ನೋಡುತ್ತಾ, "ಈಗ್ ಕಟ್ದೆ ನೋಡ್ಲಾ, ಮನೆಯ" ಎಂದಳು. ಅವಳಿಂದ ನನಗೆ ಸಿಕ್ಕ ಮೆಚ್ಚುಗೆ ಅದೊಂದೇ. ಅದೂ ಅವಳೇ ಹೇಳಿಕೊಟ್ಟು ಕಟ್ಟಿಸಿದ್ದಕ್ಕೆ.

ಅಲ್ಲೇ, ನರಳದೆ, ಹೋದಳು. ಮಣ್ಣು ಮಾಡಿ ಬಂದು ಗುಡಿಸಲು ಕಿತ್ತೆ.

ಈಗ ನನಗಿರುವುದು ಇಬ್ಬರು ಮಕ್ಕಳು, ಒಂದು ಬೈಕು, ನಾಲ್ಕು ಮೇಕೆ, ಅವ್ವನದೂ ಸೇರಿ ಮೂರು ಕೋಣೆಯ ಮನೆ. ಯಾವ ಕೋಣೆಯನ್ನೂ ಖಾಲಿ ಮಾಡಬೇಕಾಗಿ ಬಂದಿಲ್ಲ.